ಮೈಯ ಮಿಂಚು ಧೂಳನ್ನು ಹಿಡಿದೀತೇ?

ಸಂಕ್ರಾಂತಿ ಕಳೆದು ಗಾಳಿ ಒಣಗುವ ದಿನಗಳಲ್ಲಿ ನಮ್ಮೆಲ್ಲರ ಮನೆಯಲ್ಲೂ ಒಂದು ತಮಾಷೆ ನಡೆಯುತ್ತದೆ. ರಾತ್ರಿ ದೀಪ ಆರಿಸಿ ನೈಲಾನ್ ಶರಟನ್ನೋ ಸ್ವೆಟರನ್ನೋ ತಲೆಯ ಮೇಲಿಂದ ಎಳೆದರೆ ಚಟಪಟ ಸದ್ದು. ಕಣ್ಣರಳಿಸಿ ನೋಡಿದರೆ ಸಣ್ಣ ಸಣ್ಣ ಮಿಂಚು. ತಲೆ ಬಾಚಿದ ಪ್ಲಾಸ್ಟಿಕ್ ಬಾಚಣಿಗೆಯನ್ನು ಹತ್ತಿರ ತಂದರೆ ಕೂದಲು ಎದ್ದು ನಿಲ್ಲುತ್ತೆ. ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ಕಬ್ಬಿಣದ ಗೇಟು ಮುಟ್ಟಿದರೆ ಬೆರಳ ತುದಿಗೆ ಚುರ್ ಅನ್ನುತ್ತೆ. "ಕರೆಂಟ್ ಹೊಡೀತು!" ಅಂತ ಕೈ ಕೊಡವಿಕೊಂಡು ನಗುತ್ತೇವೆ.

ಗೆಳೆಯರೇ, ಆ ಮಾತು ಬರೀ ತಮಾಷೆಯಲ್ಲ. ಅದು ನಿಜವಾದ ಕರೆಂಟೇ. ಹರಿಯದೆ ಒಂದೇ ಕಡೆ ನಿಂತಿರುವುದರಿಂದ ಅದಕ್ಕೆ ಸ್ಥಿರ ವಿದ್ಯುತ್ತು ಎಂದು ಹೆಸರು. ಈ ವಿದ್ಯುತ್ತಿನಿಂದ, ಬ್ಯಾಟರಿಯ ಹಂಗಿಲ್ಲದೆ, ಉಸಿರಿನ ಗಾಳಿಯನ್ನು ಸೋಸಬಹುದೇ? ಸೋಸಬಹುದು ಎಂದು ತೋರಿಸಿದವರು ನಮ್ಮ ಬೆಂಗಳೂರಿನಲ್ಲೇ ಇದ್ದಾರೆ. ಅದು ಹೇಗೆ ಕೆಲಸ ಮಾಡುತ್ತೆ, ಎಲ್ಲಿ ಕೆಲಸ ಮಾಡಲ್ಲ ಎಂಬುದನ್ನು ಈ ಲೇಖನದಲ್ಲಿ ಹೇಳುತ್ತೇನೆ.

ನಾನು ಈ ವಿಷಯದ ಬೆನ್ನು ಹತ್ತಲು ಕಾರಣ ನನ್ನ ಅಣ್ಣ. ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶ ಇದೆಯಲ್ಲ, ಅಲ್ಲಿ ಒಂದು ಫೌಂಡ್ರಿಗೆ ಅವನು ಕೆಲಸಕ್ಕೆ ಹೋಗುತ್ತಾನೆ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು ತಣಿದ ಮೇಲೆ, ತುಂಡಿಗೆ ಅಂಟಿದ ಮರಳನ್ನು ಉದುರಿಸಿ, ಗ್ರೈಂಡಿಂಗ್ ಮಾಡಿ ನಯ ಮಾಡುವುದು ಅವನ ಪಾಲಿನ ಕೆಲಸ. ನಮ್ಮ ಅಜ್ಜನೂ ಹಿಂದೆ ಭದ್ರಾವತಿಯ ಒಂದು ಸಣ್ಣ ಎರಕದ ಶೆಡ್ಡಿನಲ್ಲಿ ದುಡಿದವರು. ಬಾಯಿಗೆ ಒದ್ದೆ ಟವೆಲ್ಲು ಕಟ್ಟಿಕೊಂಡೇ ಜೀವನ ಕಳೆದವರು. ಈಗ ಅವರಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹೋದ ತಿಂಗಳು ಅಣ್ಣ ಕೇಳಿದ: "ಮೈಯ ಕರೆಂಟಿನಿಂದಲೇ ಧೂಳು ಹಿಡಿಯೋ ಮಾಸ್ಕು ಬಂದಿದೆಯಂತೆ ಕಣೇ. ಮನೇಲೇ ಹೊಲೀಬಹುದಂತೆ. ಅದನ್ನೇ ಹಾಕ್ಕೊಂಡು ಹೋಗ್ಲಾ?" ಹೂಂ ಅನ್ನುವ ಮೊದಲು ವಿಚಾರಿಸಬೇಕಿತ್ತು. ವಿಜ್ಞಾನದ ಮೇಷ್ಟ್ರನ್ನು ಕೇಳಿ, ಪುಸ್ತಕ ನೋಡಿ, ಕೆಲವನ್ನು ಮಾಡಿ ನೋಡಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಮೈಗೆ ಕರೆಂಟು ಬರುವುದು ಎಲ್ಲಿಂದ?

ಯಾವ ವಸ್ತುವನ್ನೇ ತಗೊಳ್ಳಿ, ಅದು ಪರಮಾಣುಗಳಿಂದ ಆಗಿದೆ. ಪರಮಾಣುವಿನ ನಡುವೆ ಧನ ಆವೇಶ, ಸುತ್ತ ಋಣ ಆವೇಶದ ಎಲೆಕ್ಟ್ರಾನುಗಳು. ಎರಡೂ ಸಮ ಇದ್ದಾಗ ಲೆಕ್ಕ ಚುಕ್ತಾ, ವಸ್ತು ಸುಮ್ಮನಿರುತ್ತದೆ. ಎರಡು ಬೇರೆ ಬೇರೆ ವಸ್ತುಗಳು ತಾಗಿ, ಉಜ್ಜಿ, ಬೇರ್ಪಟ್ಟಾಗ ಒಂದರ ಎಲೆಕ್ಟ್ರಾನುಗಳು ಇನ್ನೊಂದಕ್ಕೆ ವರ್ಗವಾಗುತ್ತವೆ. ಕೊಟ್ಟದ್ದು ಧನ ಆಗುತ್ತದೆ, ಪಡೆದದ್ದು ಋಣ ಆಗುತ್ತದೆ. ಸುಮಾರು ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಗ್ರೀಕರಿಗೆ ಇದರ ಸುಳಿವು ಸಿಕ್ಕಿತ್ತು. ಅಂಬರು ಎಂಬ ಮರದ ಅಂಟಿನ ಕಲ್ಲನ್ನು ಉಜ್ಜಿದರೆ ಹುಲ್ಲಿನ ಚೂರುಗಳನ್ನು ಎಳೆಯುತ್ತದೆ ಎಂದು ಅವರು ನೋಡಿದ್ದರು. ಆ ಅಂಬರಿನ ಗ್ರೀಕ್ ಹೆಸರೇ ಎಲೆಕ್ಟ್ರಾನ್.

ಯಾವುದು ಕೊಡುತ್ತದೆ, ಯಾವುದು ಕಸಿದುಕೊಳ್ಳುತ್ತದೆ ಎಂಬುದಕ್ಕೆ ಒಂದು ಸಾಲು ಇದೆ. ನಮ್ಮ ಚರ್ಮ, ಕೂದಲು, ನೈಲಾನು, ಉಣ್ಣೆ, ರೇಷ್ಮೆ ಇವು ಕೊಡುವವರ ಗುಂಪು. ಹತ್ತಿ ಹೆಚ್ಚುಕಮ್ಮಿ ನಡುವೆ. ಪಾಲಿಯೆಸ್ಟರು, ಪಾಲಿಪ್ರೊಪಿಲೀನು ಇವು ಕಸಿಯುವವರು. ಜವಳಿ ಅಂಗಡಿಯಲ್ಲಿ ಬಟ್ಟೆಯಂತೆಯೇ ಕಾಣುವ, ನೇಯ್ಗೆ ಇಲ್ಲದ ಕೈಚೀಲ ಕೊಡುತ್ತಿದ್ದರಲ್ಲ, ಅದೇ ಪಾಲಿಪ್ರೊಪಿಲೀನು. ಸಾಲಿನಲ್ಲಿ ದೂರ ದೂರ ಇರುವ ಎರಡನ್ನು ಉಜ್ಜಿದರೆ ಆವೇಶ ಜಾಸ್ತಿ. ಹತ್ತಿ ಬಟ್ಟೆ ಹಾಕಿದವರಿಗೆ ಚಟಪಟ ಕಡಿಮೆ, ನೈಲಾನ್ ಹಾಕಿದವರಿಗೆ ಜಾಸ್ತಿ ಆಗುವುದು ಇದಕ್ಕೇ.

ಇದರ ಬಲ ಎಷ್ಟು? ಗೇಟು ಮುಟ್ಟಿದಾಗ ಬೆರಳಿಗೆ ಚುರ್ ಅನ್ನಬೇಕಾದರೆ ಮೈಮೇಲೆ ಸುಮಾರು 3,000 ವೋಲ್ಟು ಇರಬೇಕು. ಮನೆಯ ವೈರಿನಲ್ಲಿರುವುದು 230 ವೋಲ್ಟು ಮಾತ್ರ. ಹಾಗಾದರೆ ಗೇಟು ಮುಟ್ಟಿದ ನಾವು ಸಾಯುವುದಿಲ್ಲ ಯಾಕೆ? ಕೊಡಪಾನದ ನೀರನ್ನು ಎಷ್ಟು ಎತ್ತರದಿಂದ ಸುರಿದರೂ ಗದ್ದೆ ತುಂಬುವುದಿಲ್ಲ. ಎತ್ತರ ಹೆಚ್ಚಿದ್ದರೂ ನೀರು ಕಡಿಮೆ. ಇಲ್ಲಿಯೂ ಹಾಗೆಯೇ, ವೋಲ್ಟು ಹೆಚ್ಚು, ಆವೇಶದ ಪ್ರಮಾಣ ತೀರಾ ಕಡಿಮೆ. ಮೇಷ್ಟ್ರ ಜೊತೆ ಕೂತು ಲೆಕ್ಕ ಹಾಕಿದೆ. ನಮ್ಮ ಮೈ 5,000 ವೋಲ್ಟಿಗೆ ಏರಿದ್ದರೂ ಅದರಲ್ಲಿರುವ ಶಕ್ತಿ ಒಂದು ಗ್ರಾಂ ತೂಕವನ್ನು ಹನ್ನೆರಡು ಹದಿಮೂರು ಸೆಂಟಿಮೀಟರು, ಅಂದರೆ ಸುಮಾರು ಅರ್ಧ ಗೇಣು, ಎತ್ತಲು ಸಾಕಾಗುವಷ್ಟು. ಈ ಶಕ್ತಿಯಿಂದ ಫ್ಯಾನು ತಿರುಗದು, ಬಲ್ಬು ಉರಿಯದು. ಆದರೆ ಧೂಳಿನ ಒಂದು ಕಣದ ತೂಕ ಗ್ರಾಮಿನ ಕೋಟಿಯಲ್ಲಿ ಒಂದು ಪಾಲೂ ಇಲ್ಲ. ಅದನ್ನು ಎಳೆದು ಹಿಡಿಯಲು ಇಷ್ಟೇ ಬಲ ಧಾರಾಳವಾಯಿತು. ಆದ್ದರಿಂದ "ಮೈಯ ಕರೆಂಟಿನ ಮಾಸ್ಕು" ಅಂದಾಗ ಒಳಗೆ ಪುಟ್ಟ ಮೋಟಾರು ಇದೆ ಎಂದು ತಿಳಿಯಬೇಡಿ. ಅಲ್ಲಿ ಇರುವುದು ಆವೇಶ ಹೊತ್ತ ಬಟ್ಟೆ ಮಾತ್ರ.

ಚಿಮಣಿಯೊಳಗೂ ಇದೇ ಉಪಾಯ

ಧೂಳನ್ನು ವಿದ್ಯುತ್ತಿನಿಂದ ಹಿಡಿಯುವ ಉಪಾಯ ಹೊಸದಲ್ಲ. ನಮ್ಮ ಭಾಗದವರಿಗೆ ಹೊಗೆ, ಬೂದಿ, ಕುಲುಮೆ ಇವು ಹೊಸ ಮಾತಲ್ಲ ತಾನೇ. ಭದ್ರಾವತಿಯ ಹಳೆಯ ಹೆಸರೇ ಬೆಂಕಿಪುರ. 1918ರಲ್ಲಿ ಮೈಸೂರು ಸರ್ಕಾರ ಅಲ್ಲಿ ಕಬ್ಬಿಣದ ಕಾರ್ಖಾನೆಗೆ ಕೈ ಹಾಕಿತು. 1923ರ ಜನವರಿಯಲ್ಲಿ ಮಲೆನಾಡಿನ ಮರದ ಇದ್ದಿಲು ಉರಿಸಿ ಕಬ್ಬಿಣ ಕರಗಿಸುವ ಕುಲುಮೆ ಕೆಲಸ ಶುರು ಮಾಡಿತು. ಮುಂದೆ ಆ ಕಾರ್ಖಾನೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರೇ ಬಂತು. ದೊಡ್ಡ ಬೆಂಕಿ ಇದ್ದಲ್ಲಿ ಬೂದಿ ಇದ್ದದ್ದೇ. ಆ ಬೂದಿ ಚಿಮಣಿಯಿಂದ ಹೊರಬೀಳದಂತೆ ಮಾಡುವುದು ಹೇಗೆ ಎಂಬ ಪ್ರಶ್ನೆ ಆ ಕಾಲಕ್ಕೆ ಜಗತ್ತಿನ ಎಲ್ಲ ಕಾರ್ಖಾನೆಗಳಿಗೂ ಇತ್ತು.

ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಫ್ರೆಡರಿಕ್ ಕಾಟ್ರೆಲ್ ಎಂಬವರು ಇದಕ್ಕೆ ದಾರಿ ಹುಡುಕಿ, 1908ರಲ್ಲಿ ಪೇಟೆಂಟು ಪಡೆದರು. ಹೊಗೆ ಹೋಗುವ ದಾರಿಯಲ್ಲಿ ತಂತಿಗಳನ್ನೂ ಲೋಹದ ಅಗಲವಾದ ತಟ್ಟೆಗಳನ್ನೂ ಇಳಿಬಿಟ್ಟು, ತಂತಿಗೆ ಹತ್ತಾರು ಸಾವಿರ ವೋಲ್ಟು ಕೊಡುತ್ತಾರೆ. ಹಾದುಹೋಗುವ ಬೂದಿಯ ಕಣಗಳಿಗೆ ಆವೇಶ ಅಂಟುತ್ತದೆ, ಎದುರಿನ ತಟ್ಟೆ ಅವನ್ನು ಎಳೆದುಕೊಳ್ಳುತ್ತದೆ. ಆಗಾಗ ತಟ್ಟೆಗೆ ಸುತ್ತಿಗೆಯ ಪೆಟ್ಟು ಬೀಳುತ್ತದೆ, ಬೂದಿ ಕೆಳಗಿನ ತೊಟ್ಟಿಗೆ ಉದುರುತ್ತದೆ. ರಾಯಚೂರಿನ ಶಕ್ತಿನಗರದಂಥ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳಲ್ಲಿ ಇಂಥ ಯಂತ್ರಗಳೇ ಬೂದಿಯನ್ನು ಹಿಡಿಯುವುದು. ಸರಿಯಾಗಿ ನೋಡಿಕೊಂಡರೆ ನೂರಕ್ಕೆ 99ಕ್ಕಿಂತ ಹೆಚ್ಚು ಪಾಲು ಬೂದಿ ಹೀಗೆ ಸಿಕ್ಕಿಬೀಳುತ್ತದೆ.

ಇಷ್ಟು ದೊಡ್ಡ ಯಂತ್ರವನ್ನು ಮೂಗಿನ ಮೇಲೆ ಕಟ್ಟಿಕೊಳ್ಳಲು ಆಗುತ್ತದೆಯೇ? ತಂತಿಯೂ ಬೇಡ, ಹತ್ತಾರು ಸಾವಿರ ವೋಲ್ಟೂ ಬೇಡ, ಆವೇಶವನ್ನು ಬಟ್ಟೆಯ ಎಳೆಯಲ್ಲೇ ಕೂಡಿಸಿಟ್ಟರೆ ಆಯಿತು ಎಂದು ಹೊಳೆದದ್ದು ಆಮೇಲೆ.

ಬಟ್ಟೆ ಅಂದರೆ ಜರಡಿ ಅಲ್ಲ

ಮುಖಕ್ಕೆ ಕಟ್ಟಿದ ಬಟ್ಟೆ ಹಿಟ್ಟಿನ ಜರಡಿ ಹಾಗೆ ಕೆಲಸ ಮಾಡುತ್ತದೆ, ತೂತಿಗಿಂತ ದೊಡ್ಡದು ನಿಲ್ಲುತ್ತದೆ, ಸಣ್ಣದು ನುಗ್ಗುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ನಿಜ ಸಂಗತಿ ಬೇರೆ. ಮೊದಲು ಅಳತೆ ನೋಡಿ. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿಗೆ ಮೈಕ್ರಾನು ಎನ್ನುತ್ತಾರೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನು ದಪ್ಪ. 10 ಮೈಕ್ರಾನಿಗಿಂತ ದೊಡ್ಡ ಧೂಳು ಬಹುಮಟ್ಟಿಗೆ ಮೂಗಿನಲ್ಲಿ, ಗಂಟಲಿನಲ್ಲಿ ನಿಲ್ಲುತ್ತದೆ. ಸಿಂಬಳದ ಜೊತೆ ಕಪ್ಪಗೆ ಹೊರಬರುವುದು ಇದು. ನಾಲ್ಕೈದು ಮೈಕ್ರಾನಿಗಿಂತ ಸಣ್ಣದು ಶ್ವಾಸಕೋಶದ ತೀರಾ ಒಳಗಿನ ಗಾಳಿಚೀಲದವರೆಗೂ ಇಳಿಯುತ್ತದೆ. ಅಂದರೆ ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಧೂಳೇ ಕೇಡು.

ಬಟ್ಟೆಯೊಳಗೆ ಎಳೆಗಳು ಕಾಡಿನ ಬಿಳಲುಗಳಂತೆ ಅಡ್ಡಾದಿಡ್ಡಿ ಇರುತ್ತವೆ. ಗಾಳಿ ಎಳೆಗಳನ್ನು ಬಳಸಿಕೊಂಡು ತಿರುಗಿ ತಿರುಗಿ ಹೋಗುತ್ತದೆ. ದಪ್ಪ ಕಣಗಳು, ತಿರುವಿನಲ್ಲಿ ವೇಗವಾಗಿ ಬಂದ ಲಾರಿಯಂತೆ, ತಿರುಗಲಾರದೆ ಎಳೆಗೆ ಹೋಗಿ ಗುದ್ದುತ್ತವೆ. ತೀರಾ ಸಣ್ಣ ಕಣಗಳು ಗಾಳಿಯ ಅಣುಗಳ ಪೆಟ್ಟು ತಿಂದು ಅಮಲೇರಿದವರ ಹಾಗೆ ಆಚೀಚೆ ತೂರಾಡುತ್ತಾ ಎಳೆಗೆ ತಾಗಿ ಅಂಟುತ್ತವೆ. ಹೀಗಾಗಿ ದಪ್ಪದ್ದೂ ಸಿಗುತ್ತದೆ, ಅತಿ ಸಣ್ಣದ್ದೂ ಸಿಗುತ್ತದೆ. ತಪ್ಪಿಸಿಕೊಳ್ಳುವುದು ನಡುವಿನದ್ದು, ಸುಮಾರು 0.3 ಮೈಕ್ರಾನಿನದ್ದು. ಅದು ಗುದ್ದುವಷ್ಟು ಭಾರವೂ ಇಲ್ಲ, ತೂರಾಡುವಷ್ಟು ಹಗುರವೂ ಇಲ್ಲ.

ಸ್ಥಿರ ವಿದ್ಯುತ್ತು ನೆರವಿಗೆ ಬರುವುದು ಇಲ್ಲೇ. ಎಳೆಯಲ್ಲಿ ಆವೇಶ ಇದ್ದರೆ ಅದು ಪಕ್ಕದಲ್ಲಿ ಹೋಗುವ ಕಣವನ್ನು ಕೈ ಚಾಚಿ ಎಳೆದುಕೊಳ್ಳುತ್ತದೆ. ಕಣಕ್ಕೆ ತನ್ನದೇ ಆವೇಶ ಇಲ್ಲದಿದ್ದರೂ ಪರವಾಗಿಲ್ಲ. ಕಾಗದದ ಚೂರಿಗೆ ಆವೇಶ ಎಲ್ಲಿತ್ತು? ಆದರೂ ಬಾಚಣಿಗೆಗೆ ಹಾರಿ ಅಂಟಲಿಲ್ಲವೇ? ಹಾಗೆಯೇ. ಬಟ್ಟೆಯನ್ನು ದಪ್ಪ ಮಾಡದೆ, ಉಸಿರಾಟಕ್ಕೆ ಕಷ್ಟ ಕೊಡದೆ, ಹಿಡಿಯುವ ಶಕ್ತಿ ಮಾತ್ರ ಹೆಚ್ಚಿಸಬಹುದು.

1919ರಲ್ಲಿ ಜಪಾನಿನ ಮೊತೊತಾರೊ ಎಗುಚಿ ಎಂಬವರು ಮೇಣವನ್ನು ಕರಗಿಸಿ, ವಿದ್ಯುತ್ ಬಲದ ನಡುವೆ ಇಟ್ಟು ಗಟ್ಟಿಯಾಗಿಸಿದರು. ಆವೇಶ ಅದರೊಳಗೇ ಸಿಕ್ಕಿಕೊಂಡಿತು. ಅಯಸ್ಕಾಂತ ತನ್ನ ಗುಣವನ್ನು ಇಟ್ಟುಕೊಳ್ಳುವಂತೆ ಇದು ಆವೇಶವನ್ನು ಇಟ್ಟುಕೊಂಡಿತು. ಇಂಥ ವಸ್ತುವಿಗೆ ಇಲೆಕ್ಟ್ರೆಟ್ ಎನ್ನುತ್ತಾರೆ. 1930ರಲ್ಲಿ ಹ್ಯಾನ್ಸನ್ ಎಂಬವರು ಉಣ್ಣೆಗೆ ರಾಳದ ಪುಡಿ ಬೆರೆಸಿ ಉಜ್ಜಿ, ಆವೇಶ ಹೊತ್ತ ಸೋಸುಬಟ್ಟೆ ಮಾಡಿದರು. 1995ರಲ್ಲಿ, ತೈವಾನಿನಲ್ಲಿ ಹುಟ್ಟಿ ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದಲ್ಲಿದ್ದ ಪೀಟರ್ ತ್ಸಾಯ್ ಅವರಿಗೆ ಪಾಲಿಪ್ರೊಪಿಲೀನಿನಂಥ ಎಳೆಯ ಹಾಸಿಗೆ ಆವೇಶ ತುಂಬುವ ವಿಧಾನಕ್ಕೆ ಪೇಟೆಂಟು ಸಿಕ್ಕಿತು. ಕೊರೊನಾ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಎನ್-95 ಮಾಸ್ಕಿನ ಗುಟ್ಟು ಇದೇ. 95 ಅಂದರೆ, ಪರೀಕ್ಷೆಯಲ್ಲಿ 0.3 ಮೈಕ್ರಾನಿನ ಆ ಕಳ್ಳ ಕಣಗಳಲ್ಲೂ ನೂರಕ್ಕೆ ಕನಿಷ್ಠ 95ನ್ನು ಹಿಡಿಯಬೇಕು ಎಂದರ್ಥ.

ರೇಷ್ಮೆ ಸೀರೆಯ ಮಾಸ್ಕು

ಈಗ ಅಣ್ಣ ಕೇಳಿದ ಮಾಸ್ಕಿಗೆ ಬರೋಣ. 2020ರ ಏಪ್ರಿಲ್. ಕೊರೊನಾ ಬೀಗಮುದ್ರೆಯ ದಿನಗಳು. ಎನ್-95 ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಸಿಕ್ಕಿದ್ದು ಆಸ್ಪತ್ರೆಯವರಿಗೆ ಬೇಕಿತ್ತು. ಆಗ ಬೆಂಗಳೂರಿನ ನ್ಯಾನೊ ಮತ್ತು ಮೃದುವಸ್ತು ವಿಜ್ಞಾನಗಳ ಕೇಂದ್ರದ ವಿಜ್ಞಾನಿಗಳಾದ ಪ್ರಳಯ್ ಸಾಂತ್ರಾ, ಅಶುತೋಷ್ ಸಿಂಗ್ ಮತ್ತು ಜಿ. ಯು. ಕುಲಕರ್ಣಿ ಅವರು ಒಂದು ಸುಲಭದ ಮಾಸ್ಕನ್ನು ಮುಂದಿಟ್ಟರು. ಅದಕ್ಕೆ ಟ್ರೈಬೊ-ಇ ಮಾಸ್ಕ್ ಎಂದು ಹೆಸರು. ಗ್ರೀಕಿನಲ್ಲಿ ಟ್ರೈಬೊ ಅಂದರೆ ಉಜ್ಜುವುದು.

ಅದರಲ್ಲಿ ಮೂರು ಪದರ. ಹೊರಗಿನ ಎರಡೂ ಪದರ ಪಾಲಿಪ್ರೊಪಿಲೀನು, ನಾನು ಮೇಲೆ ಹೇಳಿದ ಕೈಚೀಲದ ಬಟ್ಟೆ. ನಡುವೆ ನೈಲಾನು. ನೈಲಾನು ಇಲ್ಲದಿದ್ದರೆ ಹಳೇ ರೇಷ್ಮೆ ಸೀರೆಯ ಅಥವಾ ಶಾಲಿನ ತುಂಡೂ ಆದೀತು. ಪದರಗಳನ್ನು ಒಂದಕ್ಕೊಂದು ಉಜ್ಜಿದರೆ ನಡುವಿನ ಪದರ ಧನ ಆಗುತ್ತದೆ, ಹೊರಗಿನವು ಋಣ ಆಗುತ್ತವೆ. ಒಳನುಗ್ಗಲು ಬಂದ ಕಣಕ್ಕೆ ಒಂದರ ಹಿಂದೆ ಒಂದು ವಿದ್ಯುತ್ತಿನ ಬೇಲಿ. ಬ್ಯಾಟರಿ ಇಲ್ಲ, ವೈರಿಲ್ಲ. ನೋಡಿ, ಕೊಡುವವರ ಗುಂಪಿನಿಂದ ಒಂದು, ಕಸಿಯುವವರ ಗುಂಪಿನಿಂದ ಒಂದು ಆರಿಸಿದ್ದಾರೆ. ಅಜ್ಜಿಯ ಪೆಟ್ಟಿಗೆಯ ಸೀರೆ ಮತ್ತು ಮೂಲೆಯಲ್ಲಿ ಬಿದ್ದಿದ್ದ ಚೀಲದಲ್ಲಿ ಇಷ್ಟು ವಿಜ್ಞಾನ ಅಡಗಿತ್ತು.

ಬೇರೆ ದೇಶಗಳಲ್ಲೂ ಇದೇ ದಾರಿಯಲ್ಲಿ ಪ್ರಯತ್ನ ನಡೆದಿದೆ. 2012ರಲ್ಲಿ ಅಮೆರಿಕದಲ್ಲಿ ಝೋಂಗ್ ಲಿನ್ ವಾಂಗ್ ಎಂಬ ವಿಜ್ಞಾನಿ, ಉಜ್ಜುವಿಕೆಯಿಂದಲೇ ವಿದ್ಯುತ್ತು ಕೊಡುವ ಪುಟ್ಟ ಜನಕವನ್ನು ತೋರಿಸಿದರು. 2018ರಲ್ಲಿ ಚೀನಾದ ವಿಜ್ಞಾನಿಗಳು ಉಸಿರಾಟದ ಏರಿಳಿತದಿಂದಲೇ ಮಾಸ್ಕಿನ ಪದರಗಳು ತಾಗಿ ಬಿಟ್ಟು, ಆವೇಶ ತಾನಾಗಿ ತುಂಬಿಕೊಳ್ಳುವಂಥ ಮಾಸ್ಕನ್ನು ಪ್ರಕಟಿಸಿದರು. ಎಲ್ಲದರ ಹಿಂದೆಯೂ ಒಂದೇ ಯೋಚನೆ: ಆವೇಶ ಸೋರಿಹೋಗುತ್ತದೆ, ಸೋರಿದ್ದನ್ನು ತೊಟ್ಟವರ ಮೈಯ ಚಲನೆಯೇ ಮತ್ತೆ ತುಂಬಲಿ.

ಸೋರುವ ಮಾತು ಬಂತಲ್ಲ, ನಮ್ಮ ಮಲೆನಾಡಿಗೆ ಮುಖ್ಯವಾದ ವಿಷಯ ಅದೇ. ಅದನ್ನು ನೀವೇ ಪರೀಕ್ಷೆ ಮಾಡಬಹುದು.

ಮಾಡಿ ನೋಡಿ

ಬೇಕಾದ ಸಾಮಾನು: ಬಟ್ಟೆಯಂಥ ಹಳೇ ಕೈಚೀಲ ಒಂದು, ರೇಷ್ಮೆಯ ತುಂಡು ಒಂದು, ಥರ್ಮೊಕೋಲಿನ ಸಣ್ಣ ಕಾಳುಗಳು, ಒಂದು ತಟ್ಟೆ.

ಚೀಲದಿಂದ ಅಂಗೈಯಗಲದ ಮೂರು ತುಂಡು ಕತ್ತರಿಸಿ. ಮೊದಲನೆಯದನ್ನು ಸುಮ್ಮನೆ ಬಿಡಿ. ಎರಡನೆಯದನ್ನು ರೇಷ್ಮೆಯಿಂದ ಐವತ್ತು ಸಲ ಉಜ್ಜಿ. ಮೂರನೆಯದನ್ನೂ ಹಾಗೇ ಉಜ್ಜಿ, ಆಮೇಲೆ ಬಾಯಿ ಹತ್ತಿರ ಹಿಡಿದು ಹತ್ತು ಸಲ ಬಿಸಿಯುಸಿರು ಬಿಡಿ. ಈಗ ಒಂದೊಂದನ್ನೂ ತಟ್ಟೆಯ ಕಾಳುಗಳ ಮೇಲೆ ಎರಡು ಬೆರಳಿನಷ್ಟು ಎತ್ತರದಲ್ಲಿ ಹಿಡಿಯಿರಿ. ಎಷ್ಟು ಕಾಳು ಹಾರಿ ಅಂಟಿದವು ಎಣಿಸಿ.

ಫೆಬ್ರವರಿಯ ಒಂದು ಮಧ್ಯಾಹ್ನ ನಾನು ಮಾಡಿದಾಗ, ಸುಮ್ಮನೆ ಬಿಟ್ಟದ್ದಕ್ಕೆ ಒಂದೆರಡು ಅಂಟಿದವು. ಉಜ್ಜಿದ್ದಕ್ಕೆ ಹತ್ತಾರು ಕಾಳು ಹಾರಿ ಬಂದು ಕೂತವು. ಉಸಿರು ಊದಿದ್ದಕ್ಕೆ ಅದಕ್ಕಿಂತ ಬಹಳ ಕಡಿಮೆ. ಮೋಡ ಕವಿದ ದಿನ ಮತ್ತೆ ಮಾಡಿದೆ. ಉಜ್ಜಿ ಉಜ್ಜಿ ಕೈ ನೋವು ಬಂತೇ ಹೊರತು ಕಾಳುಗಳು ಮಿಸುಕಾಡಲಿಲ್ಲ. ನೀವು ಮಾಡುವಾಗ ಒಂದು ಎಚ್ಚರಿಕೆ: ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ಯಾರೂ ಮೂಗುಬಾಯಿಗೆ ಸುತ್ತಿಕೊಳ್ಳಬಾರದು. ಉಸಿರು ಕಟ್ಟುತ್ತದೆ.

ಇದರ ಕಾರಣ ಸರಳ. ತೇವದ ಗಾಳಿಯಲ್ಲಿ ಎಲ್ಲ ವಸ್ತುವಿನ ಮೇಲೂ ಕಣ್ಣಿಗೆ ಕಾಣದ ನೀರಿನ ಪಸೆ ಕೂರುತ್ತದೆ. ಆ ಪಸೆಯ ಮೇಲೆ ಆವೇಶ ಜಾರಿಕೊಂಡು ಹೋಗಿಬಿಡುತ್ತದೆ. ನಾವು ಬಿಡುವ ಉಸಿರಂತೂ ಮೈಯ ಬಿಸಿಯಲ್ಲಿ ನೀರಾವಿಯಿಂದ ತುಂಬಿರುತ್ತದೆ. ಉಜ್ಜಿ ಬಂದ ಆವೇಶ ಎಳೆಯ ಮೇಲ್ಮೈಯಲ್ಲಿ ಮಾತ್ರ ಇರುವುದರಿಂದ ಬೇಗ ಸೋರುತ್ತದೆ. ಒಳ್ಳೆಯ ಎನ್-95ರಲ್ಲಿ ಆವೇಶ ಎಳೆಯ ಒಳಗೇ ಸಿಕ್ಕಿಕೊಂಡಿರುವುದರಿಂದ ಉಸಿರಿನ ತೇವಕ್ಕೆ ಅಷ್ಟು ಬೇಗ ಹೋಗುವುದಿಲ್ಲ. ಆದರೆ ಅದನ್ನೂ ಸೋಪು ಹಾಕಿ ಒಗೆದರೆ, ಸ್ಪಿರಿಟ್ಟಿನಲ್ಲಿ ಅದ್ದಿದರೆ ಆವೇಶ ಹಾಳಾಗುತ್ತದೆ. ನೋಡಲು ಬೆಳ್ಳಗೆ ಹೊಸದರಂತೆ ಇರುತ್ತದೆ, ಹಿಡಿಯುವ ಶಕ್ತಿ ಹೋಗಿರುತ್ತದೆ. ನಮ್ಮ ಜಿಲ್ಲೆಯಲ್ಲಿ ಆಗುಂಬೆಯಂಥ ಊರಿದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಒಗೆದ ಬಟ್ಟೆಯೇ ಒಣಗುವುದಿಲ್ಲ. ಅಂಥ ಕಡೆ ಉಜ್ಜಿದ ಆವೇಶವನ್ನು ನಂಬಿ ಕೂರುವುದು ಹೇಗೆ?

ಅಜ್ಜನ ಒದ್ದೆ ಟವೆಲ್ಲಿನ ಕಥೆಯೂ ಇಲ್ಲೇ ತಿಳಿಯುತ್ತದೆ. ಒದ್ದೆ ಬಟ್ಟೆಗೆ ದಪ್ಪ ಧೂಳು ಅಂಟುತ್ತದೆ, ಮೂಗು ತಂಪಾಗಿರುತ್ತದೆ, ಹಾಗಾಗಿ ರಕ್ಷಣೆ ಸಿಕ್ಕಿತು ಅನ್ನಿಸುತ್ತದೆ. ಆದರೆ ಒದ್ದೆ ಎಳೆಯಲ್ಲಿ ಆವೇಶ ಇಲ್ಲ. ಜೊತೆಗೆ ನೀರು ತುಂಬಿದ ನೂಲಿನ ನಡುವೆ ಗಾಳಿ ಹೋಗುವುದು ಕಷ್ಟವಾಗಿ, ಉಸಿರು ಟವೆಲ್ಲಿನ ಅಂಚಿನಿಂದ ನುಸುಳುತ್ತದೆ. ಅಲ್ಲಿಂದ ಸಣ್ಣ ಧೂಳು ನೇರ ಒಳಗೆ.

ಅಣ್ಣನಿಗೆ ನಾನು ಹೇಳಿದ್ದು

"ಅಣ್ಣಾ, ಈ ಮಾಸ್ಕು ನಿನ್ನ ಕೆಲಸಕ್ಕೆ ಬೇಡ" ಅಂದೆ. ಕಾರಣಗಳನ್ನೂ ಒಂದೊಂದಾಗಿ ಹೇಳಿದೆ.

ಒಂದನೆಯದು, ಅದನ್ನು ಮಾಡಿದ ವಿಜ್ಞಾನಿಗಳೇ ಅದು ಸಾಮಾನ್ಯ ಜನರಿಗೆ, ಆಸ್ಪತ್ರೆ ಸಿಬ್ಬಂದಿಗೂ ರೋಗಿಗಳಿಗೂ ಅಲ್ಲ ಎಂದು ಆಗಲೇ ಹೇಳಿದ್ದರು. ಹೆಚ್ಚಿನ ಅಪಾಯ ಇರುವ ಕಡೆಗೆ ಅದು ಹುಟ್ಟಿದ್ದಲ್ಲ.

ಎರಡನೆಯದು, ಎರಕದ ಮರಳು ಬಹುಪಾಲು ಸಿಲಿಕಾ. ಅದು ಪುಡಿಯಾಗಿ ಒಣ ಧೂಳಾದಾಗ ಶ್ವಾಸಕೋಶದೊಳಗೆ ಇಳಿದು ಅಲ್ಲಿ ಗಾಯದ ಗಂಟುಗಳನ್ನು ಮಾಡುತ್ತದೆ. ಆ ಕಾಯಿಲೆಗೆ ಸಿಲಿಕೋಸಿಸ್ ಎಂದು ಹೆಸರು. ಸಾಮಾನ್ಯವಾಗಿ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಗೊತ್ತಾದ ಮೇಲೆ ಅದನ್ನು ಪೂರ್ತಿ ವಾಸಿ ಮಾಡುವ ಔಷಧ ಇಲ್ಲ. ಕ್ಷಯವೂ ಅದರ ಬೆನ್ನಿಗೇ ಬರಬಹುದು. ಎಂಟು ಗಂಟೆಯ ಪಾಳಿಯಲ್ಲಿ ಮೈಬಗ್ಗಿಸಿ ದುಡಿಯುವವನು ಸುಮಾರು 10,000 ಲೀಟರು ಗಾಳಿ ಎಳೆದುಕೊಳ್ಳುತ್ತಾನೆ. ಅಷ್ಟು ಗಾಳಿಯ ಧೂಳು ದಿನಾ ಒಳಗೆ ಹೋಗುವ ಜಾಗದಲ್ಲಿ ಅಂದಾಜಿನ ಮಾಸ್ಕು ಸಾಲದು.

ಮೂರನೆಯದು, ಸಂದು. ಮನೆಯಲ್ಲಿ ಹೊಲಿದ ಮಾಸ್ಕು ಕೆನ್ನೆಗೆ, ಮೂಗಿನ ಪಕ್ಕಕ್ಕೆ ಬಿಗಿಯಾಗಿ ಕೂರುವುದಿಲ್ಲ. ಹತ್ತು ಪಾಲು ಗಾಳಿಯಲ್ಲಿ ಎರಡು ಪಾಲು ಸಂದಿನಿಂದ ಬಂದರೆ, ಬಟ್ಟೆ ಎಷ್ಟೇ ಒಳ್ಳೆಯದಿದ್ದರೂ ನೂರಕ್ಕೆ 80ಕ್ಕಿಂತ ಹೆಚ್ಚು ಧೂಳನ್ನು ತಡೆಯಲಾರದು. ದಪ್ಪ ಗಡ್ಡ ಇದ್ದರೂ ಇದೇ ತೊಂದರೆ.

"ಹಂಗಾದ್ರೆ ಏನು ಮಾಡ್ಲಿ?" ಅಂದ. ಐಎಸ್ 9473 ಎಂಬ ಗುರುತು ಮತ್ತು ಎಫ್‌ಎಫ್‌ಪಿ-2 ಎಂಬ ದರ್ಜೆ ಅಚ್ಚಾಗಿರುವ ಮಾಸ್ಕನ್ನು ಕೇಳಿ ತಗೋ ಅಂದೆ. ಅದು ಭಾರತದ ಮಾನಕ. ಎರಡು ಪಟ್ಟಿಯೂ ತಲೆಯ ಹಿಂದಕ್ಕೆ ಹೋಗಬೇಕು, ಮೂಗಿನ ಮೇಲಿನ ತಂತಿಯನ್ನು ಒತ್ತಿ ಕೂರಿಸಬೇಕು. ಜೋರಾಗಿ ಉಸಿರು ಬಿಟ್ಟಾಗ ಕಣ್ಣಿಗೆ ಗಾಳಿ ತಾಗಿದರೆ ಸರಿ ಕೂತಿಲ್ಲ ಎಂದರ್ಥ. ಒಗೆಯಬಾರದು. ಉಸಿರೆಳೆಯಲು ಕಷ್ಟವಾದರೆ, ಒದ್ದೆಯಾದರೆ, ಹರಿದರೆ ಬದಲಿಸಬೇಕು.

ಇನ್ನೊಂದು ಮಾತನ್ನೂ ಹೇಳಿದೆ. ಮಾಸ್ಕು ಎನ್ನುವುದು ಕಡೆಯ ಬೇಲಿ. ಧೂಳು ಏಳುವ ಮೊದಲೇ ತಡೆಯಬೇಕು. ನೆಲ ಗುಡಿಸುವ ಮೊದಲು ನೀರು ಚಿಮುಕಿಸಬೇಕು. ಮೈಮೇಲಿನ ಧೂಳನ್ನು ಕಂಪ್ರೆಸರಿನ ಗಾಳಿಯಿಂದ ಊದಿಕೊಳ್ಳಬಾರದು. ಗ್ರೈಂಡಿಂಗ್ ಚಕ್ರದ ಬಾಯಲ್ಲೇ ಧೂಳನ್ನು ಹೀರುವ ಕೊಳವೆ ಇರಬೇಕು. ಇದು ನನ್ನ ಸ್ವಂತ ಮಾತಲ್ಲ. 1948ರ ಕಾರ್ಖಾನೆ ಕಾಯ್ದೆಯೇ ಧೂಳನ್ನು ಹುಟ್ಟುವ ಜಾಗದ ಹತ್ತಿರದಲ್ಲೇ ಹೀರಿ ತೆಗೆಯಬೇಕು ಎಂದು ಹೇಳಿತ್ತು. ಸಿಲಿಕೋಸಿಸ್ ಕಂಡುಬಂದರೆ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಗೆ ಅದನ್ನು ಸೇರಿಸಿತ್ತು. ಅಣ್ಣ ಮತ್ತು ಅವನ ಜೊತೆಯವರು ಸೇರಿ ಮೇಸ್ತ್ರಿಯವರ ಹತ್ತಿರ ಮೊದಲು ನೀರಿನ ಪೈಪು ಕೇಳಿದರು, ಅದು ಬಂತು. ಹೀರುವ ಕೊಳವೆಗೆ ಇನ್ನೂ ಕೇಳುತ್ತಾ ಇದ್ದಾರೆ. ನಡುವೆ ಒಂದು ದಿನ ಅಣ್ಣ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ, ತಾನು ಮಾಡುವ ಕೆಲಸ ಏನೆಂದು ಬಾಯಿ ಬಿಟ್ಟು ಹೇಳಿ, ಎದೆಯ ಎಕ್ಸ್‌ರೇ ತೆಗೆಸಿಕೊಂಡು ಬಂದ. ಕೆಲಸ ಏನೆಂದು ಹೇಳುವುದು ಬಹಳ ಮುಖ್ಯ. ಹೇಳದಿದ್ದರೆ ಬರೀ ಕೆಮ್ಮು ಎಂದುಕೊಂಡು ಬಿಡುವ ಸಂಭವ ಇರುತ್ತದೆ.

ಹಾಗಾದರೆ ಸೀರೆಯ ಮಾಸ್ಕು ದಂಡವೇ?

ಇಲ್ಲ. ಎಲ್ಲಿಗೆ ಯಾವುದು ಎಂದು ತಿಳಿದರೆ ಸಾಕು. ಬೇಸಿಗೆಯಲ್ಲಿ ಬಿ.ಎಚ್. ರಸ್ತೆಯ ಬದಿಯಲ್ಲಿ ಬಸ್ಸಿಗೆ ಕಾಯುವಾಗ, ಶಿವಮೊಗ್ಗದ ಗಾಂಧಿಬಜಾರಿನ ಜನಜಂಗುಳಿಯಲ್ಲಿ ನಡೆಯುವಾಗ, ಮನೆಯ ಜೇಡ ಹೊಡೆಯುವಾಗ, ಏನೂ ಕಟ್ಟದೆ ಇರುವುದಕ್ಕಿಂತ ಒಣಗಿದ, ಉಜ್ಜಿದ ಮೂರು ಪದರದ ಮಾಸ್ಕು ಖಂಡಿತ ಮೇಲು. ಅಕ್ಕಿ ಗಿರಣಿಯಲ್ಲಿ, ಒಣ ಅಡಿಕೆ ಸುಲಿಯುವ ಯಂತ್ರದ ಮುಂದೆ, ಬತ್ತ ಬಡಿಯುವ ಕಣದಲ್ಲಿ ದಿನವಿಡೀ ಇರುವವರಿಗೆ ಅಣ್ಣನಿಗೆ ಹೇಳಿದ ಮಾಸ್ಕೇ ಬೇಕು. ಕಲ್ಲು ಕ್ರಷರಿನವರಿಗೂ ಅಷ್ಟೇ.

ಇನ್ನೊಂದನ್ನು ಮರೆಯಬಾರದು. ಧೂಳು ಹಿಡಿಯುವ ಯಾವ ಮಾಸ್ಕೂ ಅನಿಲವನ್ನು ಹಿಡಿಯುವುದಿಲ್ಲ. ಇದ್ದಿಲಿನ ಕುಲುಮೆಯ ಕಾರ್ಬನ್ ಮಾನಾಕ್ಸೈಡ್ ಆಗಲಿ, ಗಾಡಿಯ ಹೊಗೆಯಲ್ಲಿರುವ ಅನಿಲಗಳಾಗಲಿ ಎಳೆಗಳ ನಡುವೆ ಸಲೀಸಾಗಿ ಹೋಗುತ್ತವೆ. ಅಲ್ಲಿ ಬೇಕಾದದ್ದು ಗಾಳಿಯಾಡುವ ಜಾಗ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿಸಿ, ಮಾಸ್ಕು ಹಾಕಿದ್ದೇನೆ ಎಂದು ಧೈರ್ಯ ತಂದುಕೊಂಡರೆ ಪ್ರಾಣಕ್ಕೇ ಸಂಚಕಾರ.

ನಮ್ಮ ಶಾಲೆಯಲ್ಲೂ ಧೂಳಿದೆ. ಕಪ್ಪುಹಲಗೆಯ ಡಸ್ಟರನ್ನು ಗೋಡೆಗೆ ಬಡಿದು ಸೀಮೆಸುಣ್ಣದ ಮೋಡ ಎಬ್ಬಿಸುವ ಆಟ ನಮಗೆಲ್ಲ ಇಷ್ಟ. ಮುಂದಿನ ಬೆಂಚಿನಲ್ಲಿ ದಮ್ಮು ಇರುವ ಗೆಳತಿಯೊಬ್ಬಳು ಕೂರುತ್ತಾಳೆ ಎಂದು ನೆನೆಸಿಕೊಂಡರೆ ಆ ಆಟ ಬೇಡ ಅನ್ನಿಸುತ್ತದೆ. ಡಸ್ಟರನ್ನು ಹೊರಗೆ, ಗಾಳಿ ಬೀಸುವ ದಿಕ್ಕಿಗೆ ಬೆನ್ನು ಹಾಕಿ ಕೊಡವೋಣ. ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸೋಣ. ತರಗತಿ ಗುಡಿಸುವ ಪಾಳಿಯವರು ಮೊದಲು ನಾಲ್ಕು ತಂಬಿಗೆ ನೀರು ಚಿಮುಕಿಸಲಿ. ಖರ್ಚಿಲ್ಲದ ಕೆಲಸ ಇದು.

ಕೊನೆಗೆ ನಿಮಗೆ ಮೂರು ಪ್ರಶ್ನೆ. ಉತ್ತರ ಬರೆದು ಮುಖ್ಯೋಪಾಧ್ಯಾಯರ ಕೋಣೆಯ ಹೊರಗಿನ ಡಬ್ಬಿಗೆ ಹಾಕಿ. ಸರಿಯುತ್ತರಗಳು ಮುಂದಿನ ತಿಂಗಳು ಇದೇ ಗೋಡೆಯಲ್ಲಿ.

1. ಹತ್ತಿಯ ಎರಡು ಪದರಗಳನ್ನೇ ಒಂದಕ್ಕೊಂದು ಉಜ್ಜಿದರೆ ಹೆಚ್ಚು ಆವೇಶ ಬರುವುದಿಲ್ಲ. ಯಾಕೆ?
2. ಟಿವಿಯ ಗಾಜಿಗೆ, ಫ್ಯಾನಿನ ರೆಕ್ಕೆಗೆ ಪಕ್ಕದ ಗೋಡೆಗಿಂತ ಬೇಗ ಧೂಳು ಕೂರುತ್ತದೆ. ಯಾಕಿರಬಹುದು?
3. ನಿಮ್ಮ ಮನೆಯಲ್ಲಿ ಧೂಳಿನ ಕೆಲಸಕ್ಕೆ ಹೋಗುವವರು ಯಾರು? ಅವರು ಮುಖಕ್ಕೆ ಏನು ಕಟ್ಟುತ್ತಾರೆ? ಕೇಳಿ ಬರೆಯಿರಿ.

ಮೂರನೆಯದಕ್ಕೆ ಸರಿ, ತಪ್ಪು ಎಂಬುದಿಲ್ಲ. ಆದರೆ ಅದರ ಉತ್ತರಗಳನ್ನೇ ನಾನು ಹೆಚ್ಚು ಕಾಯುತ್ತಿರುತ್ತೇನೆ.

— ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ